ಈ ಚೀಟಿ ಯಾರದ್ದು?

ತೀರ್ಥಹಳ್ಳಿ ಹತ್ತಿರ ಒಂದು ಮದುವೆ ಮನೆ. ನಾನು ಬಡಿಸೋಕೆ ನಿಂತಿದ್ದೆ. ಪಂಕ್ತಿ ಎದ್ದ ಮೇಲೆ ಬಾಳೆಲೆಗಳನ್ನು ನೋಡ್ತಾ ತಲೆಗೊಂದು ಹುಳ ಹೊಕ್ಕಿತು. ಕೈ ತೊಳೆಯೋಕೆ ಹೋಗುವಾಗ ಪ್ರತಿಯೊಬ್ಬರೂ ಒಂದು ಚೀಟಿ ಹಾಕಿ ಹೋದರು ಅಂದುಕೊಳ್ಳಿ. ಹೆಸರಿಲ್ಲ. ತಾನು ತಿಂದ ಹೋಳಿಗೆ, ಹಪ್ಪಳ ಎಷ್ಟು, ಎಡಗಡೆಯವರು ತಿಂದದ್ದು ಎಷ್ಟು, ಅಷ್ಟೇ. ಯಾರ ಪಕ್ಕ ಯಾರು ಕೂತಿದ್ದರು ಅನ್ನೋದು ವಿಡಿಯೋದಲ್ಲಿದೆ. ಯಾವ ಚೀಟಿ ಯಾರದ್ದು ಅಂತ ಹೇಳಬಹುದಾ?

ಎನ್‌ಎಂಆರ್ ಅಂದರೆ ಕಾಂತಕ್ಷೇತ್ರದಲ್ಲಿ ಪರಮಾಣುಗಳ ಸಂಕೇತ ಹಿಡಿಯುವ ಯಂತ್ರ. ಅದರಲ್ಲಿ ಪ್ರೋಟೀನ್ ಇಟ್ಟು ನೋಡುವವರ ಪೇಚಾಟ ಇದೇ. ಯುಬಿಕ್ವಿಟಿನ್ ಅನ್ನೋ ಪುಟ್ಟ ಪ್ರೋಟೀನಿನಲ್ಲಿ 76 ಅಮೈನೋ ಆಮ್ಲಗಳ ಸರಪಳಿ ಇದೆ. ಯಾವುದರ ಮುಂದೆ ಯಾವುದು ಅಂತ ಗೊತ್ತು. ಪರದೆ ಮೇಲೆ ಕಾಣುವ ಪೀಕ್‌ಗಳಲ್ಲಿ, ಅಂದರೆ ಸಂಕೇತದ ಚುಕ್ಕೆಗಳಲ್ಲಿ, ಯಾವುದು ಯಾರದ್ದು ಅನ್ನೋದು ಗೊತ್ತಿಲ್ಲ. ಎಚ್‌ಎನ್‌ಸಿಎಸಿಬಿ ಅನ್ನೋ ಪ್ರಯೋಗ ಚೀಟಿ ಕೊಡುತ್ತದೆ: ಪ್ರತಿ ಅಮೈನೋ ಆಮ್ಲದ ಆಲ್ಫಾ, ಬೀಟಾ ಅನ್ನೋ ಎರಡು ಕಾರ್ಬನ್‌ಗಳ ಅಂಕಿ (ಅವುಗಳ ಸಂಕೇತ ಎಲ್ಲಿ ಬಿತ್ತು ಅನ್ನೋದು), ಜೊತೆಗೆ ಸರಪಳಿಯಲ್ಲಿ ಅದರ ಹಿಂದಿನವರದ್ದು. ನನ್ನ ಚೀಟಿಯ 'ಎಡಗಡೆ' ಅಂಕಿ ಯಾರ 'ಸ್ವಂತ' ಅಂಕಿಗೆ ಕೂಡುತ್ತದೋ ಅವರೇ ನನ್ನ ಪಕ್ಕದವರು.

ಗ್ಲೈಸಿನ್ ಅನ್ನೋ ಅಮೈನೋ ಆಮ್ಲಕ್ಕೆ ಬೀಟಾ ಕಾರ್ಬನ್ನೇ ಇಲ್ಲ. ಸಕ್ಕರೆ ಕಾಯಿಲೆಯ ಅಜ್ಜ ಹೋಳಿಗೆ ಮುಟ್ಟದೆ ಎದ್ದ ಹಾಗೆ, ತಕ್ಷಣ ಗುರುತು ಸಿಗುತ್ತದೆ. ಅಲನಿನ್‌ನ ಬೀಟಾ 19 ಪಿಪಿಎಂ (ಈ ಅಂಕಿಗಳನ್ನು ಅಳೆಯುವ ಮಾನ) ಆಸುಪಾಸು, ಅದೂ ಸುಲಭ. ಪ್ರೋಲಿನ್ ಮಾತ್ರ ಕಿರಿಕಿರಿ. ಈ ಪ್ರಯೋಗಕ್ಕೆ ಬೇಕಾದ ಹೈಡ್ರೋಜನ್ ಅದರ ನೈಟ್ರೋಜನ್ ಮೇಲೆ ಇಲ್ಲ, ಹಾಗಾಗಿ ಚೀಟಿಯನ್ನೇ ಕೊಡೋದಿಲ್ಲ. ಸರಪಳಿ ಅಲ್ಲೇ ಕಡಿದುಹೋಗುತ್ತದೆ.

ಸುಮ್ನೆ ಹೊಂದಿದ್ದನ್ನೆಲ್ಲ ಜೋಡಿಸುತ್ತಾ ಹೋದರೆ ಆಗಲ್ವಾ? ಆಗೋದಿಲ್ಲ. ಎರಡು ಹೋಳಿಗೆ, ಒಂದು ಹಪ್ಪಳ ತಿಂದವರು ನಮ್ಮ ಪಂಕ್ತಿಯಲ್ಲೇ ಹತ್ತಾರು ಜನ. ಐದನೇ ಜಾಗದಲ್ಲಿ ಆದ ತಪ್ಪು ಇಪ್ಪತ್ತನೇ ಜಾಗದಲ್ಲಿ, ಸೊಸೆ ಕೂರಬೇಕಾದ ಕಡೆ ಅಜ್ಜ ಬಂದು ಕೂತಾಗಲೇ ಗೊತ್ತಾಗೋದು. ಅದಕ್ಕೆ ಪ್ರೋಗ್ರಾಂಗಳು ಇಡೀ ಪಂಕ್ತಿಯನ್ನು ಒಟ್ಟಿಗೆ ತೂಗಿ ನೋಡುತ್ತವೆ. 2004ರಲ್ಲಿ ಬಂದ ಮಾರ್ಸ್ ನನಗೆ ಜಾಸ್ತಿ ಇಷ್ಟ. ಅದು ತಾನು ನಿರೀಕ್ಷಿಸಿದ ಅಂಕಿಗಳನ್ನು ಬೇಕಂತಲೇ ಸ್ವಲ್ಪ ಅಲುಗಾಡಿಸಿ ಮತ್ತೆ ಮತ್ತೆ ಲೆಕ್ಕ ಹಾಕುತ್ತದೆ. ಎಷ್ಟೇ ಅಲುಗಾಡಿಸಿದರೂ ಜಾಗ ಬಿಡದ ಚೀಟಿಗಳಿಗೆ ಮಾತ್ರ ಗಟ್ಟಿ ಅನ್ನುತ್ತದೆ. ಉಳಿದವಕ್ಕೆ ಅನುಮಾನದ ಗುರುತು ಹಾಕುತ್ತದೆ.

2022ರಲ್ಲಿ ಆರ್ಟಿನಾ ಅನ್ನೋ ಪ್ರೋಗ್ರಾಂ ಬಂತು. ಪೀಕ್ ಹುಡುಕುವ ಕೆಲಸದಿಂದಲೇ ಶುರುಮಾಡಿ, 100 ಪ್ರೋಟೀನ್‌ಗಳ ಪರೀಕ್ಷೆಯಲ್ಲಿ ಶೇಕಡಾ 91ರಷ್ಟು ಗುರುತು ಸರಿಯಾಗಿ ಹಚ್ಚಿತು. ಉಳಿದ 9ರ ಮುಂದೆ ಈಗಲೂ ಯಾರಾದರೂ ಕೂತು, ಕಣ್ಣು ಕಿರಿದು ಮಾಡಿ ನೋಡಲೇಬೇಕು.