ಖಾತಾ ನಿಮ್ಮ ಹೆಸರಲ್ಲಿದೆ, ಸರಿ. ಅಕ್ಕ-ತಂಗಿಯರು ಎಲ್ಲಿ?

ಬೆಂಗಳೂರಿನ ವಿಜಯನಗರ, ಬಸವೇಶ್ವರನಗರ, ರಾಜಾಜಿನಗರದ ಕಡೆ ಹಳೇ ಮನೆಗಳನ್ನು ಮಾರಿಸುವುದು, ಕೊಡಿಸುವುದು ನನ್ನ ಕೆಲಸ. ಹದಿನೆಂಟು ವರ್ಷ ಆಯಿತು. ಮನೆ ನೋಡಲು ಹೋದಾಗ ಬೆಲೆ ವಿಷಯ ಆಮೇಲೆ. ಮೊದಲು "ನೀವು ಒಟ್ಟು ಎಷ್ಟು ಜನ ಮಕ್ಕಳು?" ಅಂತ ಕೇಳುತ್ತೇನೆ. "ಇಬ್ಬರು ಸರ್. ನಾನು, ನನ್ನ ತಮ್ಮ" ಅನ್ನುತ್ತಾರೆ. ಗೋಡೆ ಮೇಲಿನ ಫೋಟೊದಲ್ಲಿ ನಾಲ್ಕು ಮಕ್ಕಳಿರುತ್ತಾರೆ. "ಇವರಿಬ್ಬರು ಯಾರು?" ಅಂದರೆ, "ಓ, ಅವರನ್ನ ಮದುವೆ ಮಾಡಿ ಕೊಟ್ಟಾಯ್ತಲ್ಲ ಸರ್" ಅನ್ನೋ ಉತ್ತರ ಬರುತ್ತದೆ.

ಅದರ ಹಿಂದೆಯೇ ಬೀರುವಿನಿಂದ ಫೈಲು ಬರುತ್ತದೆ. "ನೋಡಿ, ಖಾತಾ ನನ್ನ ಹೆಸರಲ್ಲೇ ಇದೆ. ಇ-ಖಾತಾನೂ ಆಗಿದೆ. ಹದಿನೈದು ವರ್ಷದಿಂದ ಟ್ಯಾಕ್ಸ್ ನಾನೇ ಕಟ್ಟಿದ್ದೀನಿ. ಇನ್ನೇನು ಬೇಕು?"

ಇನ್ನೂ ಬಹಳ ಬೇಕು. ವಾರಕ್ಕೆ ಒಮ್ಮೆಯಾದರೂ ಈ ಮಾತು ಆಡುತ್ತೇನೆ, ಈಗ ಬರೆದೇ ಬಿಡುತ್ತೇನೆ. ಖಾತಾ ಅಂದರೆ ಪಾಲಿಕೆಯ ತೆರಿಗೆ ಲೆಕ್ಕ. ಈ ಆಸ್ತಿಯ ತೆರಿಗೆಯನ್ನು ಯಾರಿಂದ ವಸೂಲಿ ಮಾಡಬೇಕು ಅಂತ ಅವರು ಬರೆದಿಟ್ಟುಕೊಂಡಿರುವ ಹೆಸರು ಅದು. ಅಪ್ಪ ತೀರಿಕೊಂಡ ಮೇಲೆ ಯಾರೋ ಒಬ್ಬರು ಓಡಾಡಿ ಖಾತಾ ಬದಲಾಯಿಸಿಕೊಳ್ಳುತ್ತಾರೆ. ಸಾಮಾನ್ಯವಾಗಿ ಆ ಮನೆಯಲ್ಲೇ ಉಳಿದುಕೊಂಡ ಮಗ. ತಪ್ಪೇನಿಲ್ಲ, ಯಾರಾದರೂ ಓಡಾಡಲೇಬೇಕು. ಆದರೆ ಅದರಿಂದ ಮನೆ ಅವರೊಬ್ಬರದೇ ಆಗುವುದಿಲ್ಲ. ಕರೆಂಟ್ ಬಿಲ್ ನಿಮ್ಮ ಹೆಸರಿಗೆ ಬಂದರೆ ಮನೆ ನಿಮ್ಮದಾಗುತ್ತದಾ? ಇಲ್ಲ ಅಲ್ವಾ. ಖಾತಾನೂ ಹಾಗೇ. ಖಾತಾ ಮಾಲೀಕತ್ವದ ದಾಖಲೆ ಅಲ್ಲ ಅಂತ ಕೋರ್ಟುಗಳು ಎಷ್ಟೋ ಸಲ ಹೇಳಿವೆ.

ಬೆಂಗಳೂರಲ್ಲಿ 2024ರ ಅಕ್ಟೋಬರ್‌ನಿಂದ ರಿಜಿಸ್ಟ್ರೇಷನ್‌ಗೆ ಇ-ಖಾತಾ, ಅಂದರೆ ಆನ್‌ಲೈನ್ ಖಾತಾ, ಕಡ್ಡಾಯ ಆದ ಮೇಲೆ ಈ ನಂಬಿಕೆ ಇನ್ನೂ ಗಟ್ಟಿಯಾಗಿದೆ. ಸರ್ಕಾರವೇ ಫೋಟೊ ಸಮೇತ ಕೊಟ್ಟಿದೆ, ಇದಕ್ಕಿಂತ ಪುರಾವೆ ಬೇಕಾ ಅಂತಾರೆ. ಇ-ಖಾತಾ ಇಲ್ಲದಿದ್ದರೆ ರಿಜಿಸ್ಟ್ರೇಷನ್ ನಿಲ್ಲುತ್ತದೆ, ನಿಜ. ಇದೆ ಅಂದ ಮಾತ್ರಕ್ಕೆ ಅಕ್ಕನ ಪಾಲು ಕರಗಿ ಹೋಗುವುದಿಲ್ಲ.

ನಮ್ಮ ಕಡೆಯ ಮನೆಗಳಲ್ಲಿ ಬಹಳಷ್ಟು ಒಂದೇ ಥರ. ಅಪ್ಪನಿಗೆ ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ಸೈಟು ಮಂಜೂರಾಗಿರುತ್ತದೆ. ಮೊದಲು ಲೀಸ್ ಕಮ್ ಸೇಲ್ ಅಗ್ರಿಮೆಂಟ್ (ಮೊದಲು ಗುತ್ತಿಗೆ, ಆಮೇಲೆ ಮಾರಾಟ ಅನ್ನೋ ಒಪ್ಪಂದ), ಅವಧಿ ಮುಗಿದ ಮೇಲೆ ಶುದ್ಧ ಕ್ರಯಪತ್ರ. ಸಾಲ ಮಾಡಿ ಮನೆ ಕಟ್ಟಿರುತ್ತಾರೆ. ವಿಲ್ ಬರೆಯದೆ ತೀರಿಕೊಂಡಿರುತ್ತಾರೆ. ಹೀಗೆ ಅಪ್ಪನ ಸ್ವಂತ ಸಂಪಾದನೆಯ ಮನೆಯಾದರೆ ಅವರ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ಬದುಕಿದ್ದರೆ ಅವರ ತಾಯಿ, ಎಲ್ಲರಿಗೂ ಸಮ ಪಾಲು. ಇದು ಹೊಸ ಕಾನೂನೇನಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲೇ ಇದೆ. ಮದುವೆ ಯಾವಾಗ ಆಯಿತು ಅನ್ನುವುದು ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ.

"94ಕ್ಕಿಂತ ಮುಂಚೆ ಮದುವೆಯಾದವರಿಗೆ ಪಾಲಿಲ್ಲ" ಅಂತ ಯಾರೋ ಹಿರಿಯರು ಹೇಳಿದ್ದನ್ನೇ ಇವತ್ತಿಗೂ ಹಿಡಿದುಕೊಂಡು ಕೂತವರಿದ್ದಾರೆ. ಅದು ಎಲ್ಲಿಂದ ಬಂತು ಅಂದರೆ, ಕರ್ನಾಟಕ ತನ್ನದೇ ತಿದ್ದುಪಡಿ ಮಾಡಿ 1994ರ ಜುಲೈ 30ರಿಂದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಹಕ್ಕು ಕೊಟ್ಟಿತು. ಅದಕ್ಕೆ ಮುಂಚೆ ಮದುವೆಯಾದವರನ್ನು ಹೊರಗಿಟ್ಟಿತ್ತು. ಆ ಮಾತು ಪಿತ್ರಾರ್ಜಿತಕ್ಕೆ ಮಾತ್ರ ಇತ್ತು, ಅಪ್ಪನ ಸ್ವಂತ ಆಸ್ತಿಗಲ್ಲ. 2005ರ ಸೆಪ್ಟೆಂಬರ್ 9ರ ಕೇಂದ್ರ ತಿದ್ದುಪಡಿ ಬಂದ ಮೇಲೆ ಪಿತ್ರಾರ್ಜಿತದಲ್ಲೂ ಆ ಭೇದ ಉಳಿದಿಲ್ಲ. ಆ ದಿನ ಅಪ್ಪ ಬದುಕಿರಲೇಬೇಕು ಅಂತಲೂ ಇಲ್ಲ ಅಂತ 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ರಿಜಿಸ್ಟರ್ ಆದ ವಿಭಾಗ ಪತ್ರ ಇದ್ದರೆ, ಸರಿಯಾದ ವಿಲ್ ಇದ್ದರೆ ಕಥೆ ಬೇರೆ. ಮುಸ್ಲಿಂ, ಕ್ರೈಸ್ತ ಕುಟುಂಬಗಳಿಗೆ ನಿಯಮಗಳೇ ಬೇರೆ. ನಾನು ವಕೀಲನಲ್ಲ. ನಿಮ್ಮ ಮನೆಯ ವಿಷಯ ನಿಮ್ಮ ವಕೀಲರೇ ಪತ್ರಗಳನ್ನೆಲ್ಲ ನೋಡಿ ಹೇಳಬೇಕು.

ಕೊಳ್ಳುವವರು ಮಾಡುವ ತಪ್ಪು ಇನ್ನೊಂದು. "ಇಸಿ ತೆಗೆಸಿದ್ದೀವಿ ಸರ್, ಏನೂ ಇಲ್ಲ" ಅನ್ನುತ್ತಾರೆ. ಇಸಿ ಅಂದರೆ ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ಸಿಗುವ ಋಣಭಾರ ಪತ್ರ. ಅದರಲ್ಲಿ ಬರುವುದು ರಿಜಿಸ್ಟರ್ ಆದ ವ್ಯವಹಾರಗಳು ಮಾತ್ರ. ಅಪ್ಪ ತೀರಿಕೊಂಡ ಕ್ಷಣಕ್ಕೇ ಮಗಳಿಗೆ ಪಾಲು ಬಂದುಬಿಡುತ್ತದೆ. ಅದಕ್ಕೆ ಯಾವ ಪತ್ರವೂ ಬೇಕಿಲ್ಲ, ಯಾವ ಆಫೀಸಲ್ಲೂ ಅದು ದಾಖಲಾಗುವುದಿಲ್ಲ. ಮೂವತ್ತು ವರ್ಷದ ಇಸಿ ತೆಗೆಸಿದರೂ ಅದರಲ್ಲಿ ಆ ಹೆಣ್ಣುಮಗಳ ಸುಳಿವೇ ಸಿಗುವುದಿಲ್ಲ.

ಹೀಗೇ ಮನೆ ಹುಡುಕಿಕೊಂಡು ಒಂದು ದಂಪತಿ ನನ್ನ ಹತ್ತಿರ ಬಂದಿದ್ದರು. ಗಂಡ ಗಾರ್ಮೆಂಟ್ಸ್‌ನಲ್ಲಿ ಸೂಪರ್‌ವೈಸರ್, ಹೆಂಡತಿ ಶಾಲೆಯಲ್ಲಿ ಟೀಚರ್. ತುಮಕೂರಿನ ಸೈಟು ಮಾರಿ ಇಲ್ಲೊಂದು 20×30ರ ಮನೆಗೆ ಆಸೆಪಟ್ಟರು. ಪತ್ರ ನೋಡಿಸುವವರೆಗೆ ದುಡ್ಡು ಕೊಡಬೇಡಿ ಅಂದಿದ್ದೆ. ಕೈ ತಪ್ಪಿ ಹೋಗುತ್ತದೆ ಅನ್ನೋ ಭಯಕ್ಕೆ ನನಗೂ ಹೇಳದೆ ಆರು ಲಕ್ಷ ಅಡ್ವಾನ್ಸ್ ಕೊಟ್ಟುಬಿಟ್ಟರು. ಬ್ಯಾಂಕಿನ ವಕೀಲರು ವಂಶವೃಕ್ಷ ಕೇಳಿದರು. ಅದರಲ್ಲಿ ಮೂವರು ಹೆಣ್ಣುಮಕ್ಕಳು. ಇಬ್ಬರು ಒಪ್ಪಿದರು, ಒಬ್ಬರು ಮನೆ ಮಾರುತ್ತಿದ್ದ ಅಣ್ಣನ ಜೊತೆ ಮಾತು ಬಿಟ್ಟು ಎಂಟು ವರ್ಷವಾಗಿತ್ತು. ಲೋನ್ ನಿಂತಿತು. ಅಡ್ವಾನ್ಸ್ ದುಡ್ಡು ಅಣ್ಣನ ಹಳೇ ಸಾಲಕ್ಕೆ ಹೋಗಿಯಾಗಿತ್ತು. ಹನ್ನೊಂದು ತಿಂಗಳು ಆ ದಂಪತಿ ಬಾಡಿಗೆ ಮನೆಯಲ್ಲೇ ಇದ್ದರು. ಸಂಜೆ ಶಾಲೆ ಬಿಟ್ಟ ಮೇಲೆ ಆ ಟೀಚರ್ ಬಂದು ನನ್ನ ಆಫೀಸಲ್ಲಿ ಸುಮ್ನೆ ಕೂತಿರುತ್ತಿದ್ದರು. ಕೊನೆಗೆ ಕಂತಿನಲ್ಲಿ ದುಡ್ಡು ವಾಪಸ್ ಬಂತು. ಅಷ್ಟರಲ್ಲಿ ಅವರ ಬಜೆಟ್ಟಿಗೆ ಆ ಏರಿಯಾದಲ್ಲಿ ಮನೆ ಸಿಗದಂತಾಗಿತ್ತು.

ಸಹಿ ಹಾಕಿ ಪಾಲು ಬಿಟ್ಟುಕೊಟ್ಟ ತಂಗಿಯನ್ನು ಜನ ಹೊಗಳುತ್ತಾರೆ, ಪಾಲು ಕೇಳಿದವಳಿಗೆ ದುರಾಸೆ ಅನ್ನುತ್ತಾರೆ. ಇದು ನನಗೆ ಒಂದು ಚೂರೂ ಒಪ್ಪಿಗೆಯಾಗುವುದಿಲ್ಲ. ಒಂದು ಮನೆಯ ಮಾತುಕತೆಗೆ ಹಾಸನದಿಂದ ತಂಗಿ ಬಂದಿದ್ದರು. ಕೊನೆಯ ಆರು ವರ್ಷ ಅಮ್ಮನನ್ನು ನೋಡಿಕೊಂಡವರು ಅವರೇ. ಅಣ್ಣಂದಿರಿಬ್ಬರೂ ಎರಡು ಲಕ್ಷ ಕೊಡುತ್ತೇವೆ, ಬಿಡುಗಡೆ ಪತ್ರಕ್ಕೆ ಸಹಿ ಹಾಕು ಅಂತಿದ್ದರು. ಆಕೆ ನನ್ನ ಕಡೆ ತಿರುಗಿ, "ಮನೆ ಎಷ್ಟಕ್ಕೆ ಹೋಗ್ತಿದೆ ಸರ್?" ಅಂದರು. ಅದನ್ನೇ ಯಾರೂ ಅವರಿಗೆ ಹೇಳಿರಲಿಲ್ಲ. ನಾನು ಹೇಳಿದೆ. 96 ಲಕ್ಷ. ದೊಡ್ಡಣ್ಣ ನನ್ನ ಮೇಲೆ ರೇಗಿದರು, ನೀವು ಯಾರ ಕಡೆ ಅಂದರು. ಸಹಿ ಮಾಡುವವರಿಗೆ ಬೆಲೆ ಗೊತ್ತಿರಬೇಕು ಅಂದೆ. ಎರಡು ತಿಂಗಳು ವ್ಯಾಪಾರ ನಿಂತಿತ್ತು. ಆಮೇಲೆ ಮೂರು ಸಮ ಪಾಲಾಯಿತು.

ಹಾಗಂತ ಎಲ್ಲಾ ಮನೆಯಲ್ಲೂ ಜಗಳ ಆಗುತ್ತದೆ ಅಂತಲ್ಲ. ಅಕ್ಕ-ತಂಗಿಯರಿಗೆ ಮೊದಲೇ ಫೋನ್ ಮಾಡಿ ಹೇಳಿದ ಕಡೆ ಕೆಲಸ ಸಲೀಸಾಗಿ ಮುಗಿಯುತ್ತದೆ. ಮಾರುವ ವಿಷಯ ಪಕ್ಕದ ಮನೆಯವರಿಂದ ಗೊತ್ತಾದಾಗಲೇ ಅವರಿಗೆ ನೋವಾಗುವುದು.

ಹೇಗೆ ಮಾಡಬೇಕು ಅಂದರೆ, ತಾಯಿ ಇದ್ದರೆ ಅವರೂ, ಎಲ್ಲಾ ಮಕ್ಕಳೂ ಅಗ್ರಿಮೆಂಟ್‌ನಲ್ಲೇ ಮಾರುವವರಾಗಿ ಸಹಿ ಮಾಡಲಿ. ರಿಜಿಸ್ಟ್ರೇಷನ್ ದಿನ ಕರೆಸುತ್ತೇವೆ ಅಂದರೆ ಒಪ್ಪಬೇಡಿ. ಅವರವರ ಪಾಲಿನ ದುಡ್ಡು ಅವರವರ ಬ್ಯಾಂಕ್ ಖಾತೆಗೇ ಹೋಗಲಿ. ಪಾಲು ಬೇಡ ಅನ್ನುವವರು ಹಕ್ಕು ಬಿಡುಗಡೆ ಪತ್ರವನ್ನು ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ರಿಜಿಸ್ಟರ್ ಮಾಡಿಕೊಡಬೇಕು. ಸ್ಟ್ಯಾಂಪ್ ಪೇಪರ್ ಮೇಲೆ ಬರೆಸಿ ನೋಟರಿ ಮಾಡಿಸಿದ್ದನ್ನು ತಂದು ತೋರಿಸುವವರು ಜಾಸ್ತಿ. ಅದರಿಂದ ಮನೆಯ ಹಕ್ಕು ಕೈ ಬದಲಾಗುವುದಿಲ್ಲ. ತಂಗಿ ಅಮೆರಿಕದಲ್ಲಿದ್ದರೆ ಅಲ್ಲಿನ ಭಾರತೀಯ ದೂತಾವಾಸದಲ್ಲಿ ಪವರ್ ಆಫ್ ಅಟಾರ್ನಿ ಮಾಡಿಸಿ ಕಳಿಸಬಹುದು. ಅದು ಇಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಆಕೆಯ ಪಾಲಿಗೆ ಹಿಡಿಯುವ ಟಿಡಿಎಸ್ (ದುಡ್ಡು ಕೊಡುವಾಗಲೇ ಮುರಿದುಕೊಳ್ಳುವ ಆದಾಯ ತೆರಿಗೆ) ಕೂಡ ಇಲ್ಲಿರುವವರ 1% ಅಲ್ಲ, ಬೇರೆ. ಅದನ್ನು ಆಡಿಟರ್ ಹತ್ತಿರ ಕೇಳಿಕೊಳ್ಳಿ.

ಈ ಗುರುವಾರ ಒಂದು ಮನೆಯ ಅಗ್ರಿಮೆಂಟ್ ಇದೆ. ಒಟ್ಟು ಐದು ಜನ ಮಕ್ಕಳು. ದಾವಣಗೆರೆಯಿಂದ ದೊಡ್ಡ ಅಕ್ಕ ಬರುತ್ತಿದ್ದಾರೆ, ಎಪ್ಪತ್ತೊಂದು ವರ್ಷ. ಯಶವಂತಪುರ ಸ್ಟೇಷನ್‌ಗೆ ತಮ್ಮನೇ ಹೋಗಿ ಕರೆದುಕೊಂಡು ಬರುತ್ತಾರಂತೆ. ನಿನ್ನೆ ರಾತ್ರಿ ಆ ಅಕ್ಕನೇ ನನಗೆ ಫೋನ್ ಮಾಡಿದ್ದರು. ಆಧಾರ್ ಒಂದೇ ಸಾಕಾ, ಪ್ಯಾನ್ ಕಾರ್ಡೂ ಬೇಕಾ ಅಂತ ಕೇಳಿದರು. ಎರಡೂ ತನ್ನಿ ಅಮ್ಮ, ಓದುವ ಕನ್ನಡಕ ಮರೆಯಬೇಡಿ, ಸಹಿ ಮಾಡುವ ಮುಂಚೆ ಪೂರ್ತಿ ಓದಿ ಅಂದೆ.