ಗ್ಯಾಲರಿಗೆ ಓರೆ ಪೈಪ್ ಯಾಕೆ ಬೇಕು?

ನಮ್ಮ ವಿಜಯಪುರ, ಬಾಗಲಕೋಟೆ ಕಡೆ ಜಾತ್ರೆಯ ಕುಸ್ತಿ, ಹೊನಲು ಬೆಳಕಿನ ಕಬಡ್ಡಿ ಅಂದರೆ ನಾಲ್ಕೇ ದಿನದಲ್ಲಿ ಬಯಲಲ್ಲಿ ಒಂದು ಸ್ಟೇಡಿಯಂ ಎದ್ದು ನಿಲ್ಲುತ್ತದೆ. ಸ್ಟ್ರಕ್ಚರಲ್ ಎಂಜಿನಿಯರ್ ಆದ ನನ್ನನ್ನು ಕರೆಯುವುದು ಹೆಚ್ಚಾಗಿ ಕೊನೇ ಸಂಜೆ. ಕಮಿಟಿಯವರದು ಒಂದೇ ಪ್ರಶ್ನೆ: "ಎಷ್ಟ ಮಂದಿ ಕುಂದರಬಹುದ್ರಿ, ಸರ?"

ನಾನು ಮಾತ್ರ ಮೊದಲು ಗ್ಯಾಲರಿಯ, ಅಂದರೆ ಜನ ಕೂರಲು ಪೈಪ್ ಕಟ್ಟಿ ಎಬ್ಬಿಸಿದ ಮೆಟ್ಟಿಲು ಸಾಲಿನ, ಹಿಂದೆ ಹೋಗಿ ಓರೆ ಪೈಪ್ (ನೆಟ್ಟಗಿನ ಪೈಪ್‌ಗಳ ನಡುವೆ ಮೂಲೆಯಿಂದ ಮೂಲೆಗೆ ಕಟ್ಟುವುದು) ಎಲ್ಲೆಲ್ಲಿವೆ ಅಂತ ನೋಡುತ್ತೇನೆ. ನೆಟ್ಟಗೆ ನಿಂತ ಪೈಪ್ ಭಾರವನ್ನೇನೋ ಹೊರುತ್ತದೆ. ಆದರೆ ಜನ ಸುಮ್ನೆ ಕೂರುವುದಿಲ್ಲವಲ್ಲ! ರೇಡರ್ ಗೆರೆ ಮುಟ್ಟಿದ ಕೂಡಲೇ ಎಲ್ಲರೂ ಒಟ್ಟಿಗೆ ಏಳುತ್ತಾರೆ, ಕುಣಿಯುತ್ತಾರೆ, ಒಂದೇ ಕಡೆ ವಾಲುತ್ತಾರೆ. ಹತ್ತು ಮೀಟರ್ ಉದ್ದದ ಹತ್ತು ಸಾಲು ಇದೆ ಅನ್ನಿ. ತಲೆಗೆ 45 ಸೆಂ.ಮೀ. ಜಾಗ ಕೊಟ್ಟರೆ 220 ಜನ, ಸುಮಾರು 13 ಟನ್. ಅದರಲ್ಲಿ ಹತ್ತನೇ ಒಂದು ಭಾಗ ಅಡ್ಡಕ್ಕೆ ತಳ್ಳುತ್ತದೆ ಅಂತ ನಾನು ಹಿಡಿಯುತ್ತೇನೆ. ಅಂದರೆ 1,300 ಕೆಜಿ. ಓರೆ ಪೈಪ್ ಇಲ್ಲದಿದ್ದರೆ ಅದನ್ನು ತಡೆಯುವವರು ಯಾರು? ಪೈಪಿಗೆ ಪೈಪ್ ಜೋಡಿಸುವ ಕ್ಲಾಂಪಿನ ಬಿಗಿ ಮಾತ್ರ.

"ಹೋದ ವರ್ಷನೂ ಹಿಂಗ ಹಾಕಿದ್ವಿ, ಏನೂ ಆಗಿಲ್ರಿ" ಅನ್ನುತ್ತಾರೆ. ಹೋದ ವರ್ಷ ಫೈನಲ್ ಏಕಪಕ್ಷೀಯ ಆಗಿತ್ತೇನೋ, ಯಾರೂ ಎದ್ದು ಕುಣಿದಿರಲಿಕ್ಕಿಲ್ಲ!

1992ರ ಮೇ 5ರಂದು ಫ್ರಾನ್ಸಿನ ಕಾರ್ಸಿಕಾ ದ್ವೀಪದ ಬಾಸ್ಟಿಯಾದಲ್ಲಿ ಫುಟ್‌ಬಾಲ್ ಸೆಮಿಫೈನಲ್‌ಗೆ ಅಂತ ಅವಸರದಲ್ಲಿ ತಾತ್ಕಾಲಿಕ ಗ್ಯಾಲರಿ ಎಬ್ಬಿಸಿದ್ದರು. ಆಟ ಶುರುವಾಗುವ ಮೊದಲೇ ಅದರ ಮೇಲ್ಭಾಗ ಕುಸಿಯಿತು. 2,000ಕ್ಕೂ ಹೆಚ್ಚು ಜನ ಗಾಯಗೊಂಡರು. ದುಡ್ಡಿರುವ ದೇಶದಲ್ಲೂ ಹೀಗೇ.

ನಮ್ಮಲ್ಲಿ ಇನ್ನೊಂದು ತೊಂದರೆ ಎರೆ ಮಣ್ಣು. ಒಣಗಿದಾಗ ಕಲ್ಲಿನಂತಿರುತ್ತದೆ, ನೀರು ಕುಡಿದರೆ ಕಾಲು ಹೂಳುವಷ್ಟು ಮೆತ್ತಗೆ. ಧೂಳು ಏಳಬಾರದು ಅಂತ ಸಂಜೆ ಟ್ಯಾಂಕರ್ ನೀರು ಹೊಡೆಯುತ್ತಾರೆ. ಅದು ಹರಿದು ಗ್ಯಾಲರಿಯ ಮುಂದಿನ ಸಾಲಿನ ಬುಡದಲ್ಲಿ ನಿಲ್ಲುತ್ತದೆ. ಒಂದು ಪೈಪ್ ಎರಡು ಬೆರಳು ಇಳಿದರೂ ಸಾಕು, ಅದರ ಭಾರ ಪಕ್ಕದ ಪೈಪಿನ ಮೇಲೆ ಬೀಳುತ್ತದೆ. ಇಟ್ಟಿಗೆ ಚೂರು ತುರುಕಿದರೆ ಉಪಯೋಗವಿಲ್ಲ. ಎರಡು-ಮೂರು ಪೈಪಿಗೆ ಸೇರಿಸಿ ಕೆಳಗೆ ಒಂದು ದಪ್ಪ ಉದ್ದ ಹಲಗೆ ಹಾಸಿ. ನೀರು ಆಚೆ ಹೋಗಲು ಒಂದು ಸಣ್ಣ ಕಾಲುವೆ ತೋಡಿ.

ಮೊದಲ ರಾತ್ರಿ ಆಟ ಮುಗಿದ ಮೇಲೆ ಕ್ಲಾಂಪ್‌ಗಳು ಸಡಿಲ ಆಗಿರುತ್ತವೆ. ದಿನಾ ಬೆಳಗ್ಗೆ ಪೆಂಡಾಲ್‌ನವರ ಹುಡುಗ ಸ್ಪ್ಯಾನರ್ ಹಿಡಿದು ಒಂದು ಸುತ್ತು ಹಾಕಲಿ. ಗ್ಯಾಲರಿ ಕೆಳಗೆ ಭಜಿ ಅಂಗಡಿ ಬೇಡ. ಆ ಅಂಗಡಿಗೆ ದಾರಿ ಬೇಕು ಅಂತ ಓರೆ ಪೈಪ್ ಬಿಚ್ಚುವುದಂತೂ ಬೇಡವೇ ಬೇಡ.