ಭಾರ ಹೊರುವುದು ಪಾಟಾ, ಶಾಕ್ ಅಲ್ಲ

ಹಿಂಭಾಗ ಕುಸಿದ ಪಿಕಪ್ ತಗೊಂಡು ಹುಬ್ಬಳ್ಳಿ-ಧಾರವಾಡದ ಗ್ಯಾರೇಜಿಗೆ ಹೋದರೆ ಸಿಗುವ ಸಲಹೆ ಹೆಚ್ಚಾಗಿ ಒಂದೇ: "ಶಾಕ್ ಗಟ್ಟೀದು ಹಾಕಸ್ರಿ, ಗಾಡಿ ಕೂಡೂದಿಲ್ಲ." ಗಾಡಿ ಎತ್ತರಿಸಿಕೊಂಡವರಿಗೂ ಇದೇ ಮಾತು. ಇದರಷ್ಟು ದುಡ್ಡು ಹಾಳು ಮಾಡಿಸುವ ತಪ್ಪು ತಿಳಿವಳಿಕೆ ಪಿಕಪ್ ಇಟ್ಟವರಲ್ಲಿ ಇನ್ನೊಂದಿಲ್ಲ. ಗ್ಯಾಸ್ ಇಲ್ಲದ ಬರೀ ಎಣ್ಣೆಯ ಶಾಕ್ ಅಬ್ಸಾರ್ಬರ್ ಬಿಚ್ಚಿ, ನೆಲಕ್ಕೆ ನೆಟ್ಟಗೆ ಊರಿ, ಕೈಯಿಂದ ನಿಧಾನವಾಗಿ ಒತ್ತಿ ನೋಡಿ. ತಳದವರೆಗೂ ಇಳಿಯುತ್ತದೆ, ಇಳಿದಲ್ಲೇ ನಿಲ್ಲುತ್ತದೆ. ಜೋರಾಗಿ ಒತ್ತಿದರೆ ಮಾತ್ರ ಜಗ್ಗುವುದಿಲ್ಲ. ಕೆರೆಯ ನೀರಿಗೆ ಅಂಗೈ ಮೆಲ್ಲಗೆ ಇಳಿಸಿದರೆ ದಾರಿ ಬಿಡುತ್ತದೆ, ಬಡಿದರೆ ಕೈ ಉರಿಯುತ್ತದೆ. ಶಾಕ್ ಒಳಗಿನ ಎಣ್ಣೆಯ ಗುಣವೂ ಅದೇ. ನಿಂತ ಗಾಡಿಯ ಭಾರಕ್ಕೆ ವೇಗವಿಲ್ಲ, ಹಾಗಾಗಿ ಶಾಕ್ ಅದಕ್ಕೆ ಭುಜ ಕೊಡುವುದಿಲ್ಲ.

ಭಾರ ಹೊರುವುದು ಪಾಟಾ, ಅಂದರೆ ಉಕ್ಕಿನ ಪಟ್ಟಿಗಳನ್ನು ಪೇರಿಸಿದ ಸ್ಪ್ರಿಂಗ್. ಅದು ಲೆಕ್ಕ ಇಡುವುದು ದೂರವನ್ನು. ಎಷ್ಟು ಬಾಗಿತೋ ಅದಕ್ಕೆ ತಕ್ಕ ಬಲದಿಂದ ತಿರುಗಿ ತಳ್ಳುತ್ತದೆ. ರಾಬರ್ಟ್ ಹುಕ್ 1678ರಲ್ಲಿ ಪ್ರಕಟಿಸಿದ ನಿಯಮವಿದು. ಗ್ಯಾಸ್ ತುಂಬಿದ ಶಾಕ್ ಗಾಡಿಯನ್ನು ಎತ್ತುತ್ತದಲ್ಲ ಎಂದು ಕೇಳುವವರಿದ್ದಾರೆ. 20 ಬಾರ್ ಒತ್ತಡ, 14 ಮಿ.ಮೀ. ದಪ್ಪದ ರಾಡ್ ಇದ್ದರೆ ಆ ತಳ್ಳುಬಲ ಸುಮಾರು 300 ನ್ಯೂಟನ್. ಪಿಕಪ್‌ನ ಹಿಂಬದಿ ಪಾಟಾ ಮೇಲೆ ಅದು ಎತ್ತುವುದು 5 ಮಿ.ಮೀ. ಆಸುಪಾಸು, ಅಷ್ಟೇ.

ಹಾಗಾದರೆ ಪಾಟಾಕ್ಕೂ ಶಾಕಿಗೂ ಹೊಂದಿಕೆ ಏಕೆ ಬೇಕು? ಒಂದು ಲೆಕ್ಕ ಹಾಕೋಣ. ಒಂದು ಹಿಂಗಾಲಿಯ ಮೇಲೆ ಖಾಲಿ ಇದ್ದಾಗ 300 ಕಿಲೊ, ಲೋಡ್ ಆದಾಗ 750 ಕಿಲೊ ಎಂದಿಟ್ಟುಕೊಳ್ಳಿ. ಪಾಟಾದ ಬಿಗುವು ಮಿಲಿಮೀಟರಿಗೆ 60 ನ್ಯೂಟನ್, ಅಂದರೆ ಒಂದು ಮಿ.ಮೀ. ಬಾಗಿಸಲು ಅಷ್ಟು ಬಲ ಬೇಕು. ಆಗ ಖಾಲಿ ಗಾಡಿ ಸೆಕೆಂಡಿಗೆ 2.25 ಸಲ ಕುಣಿಯಬಯಸುತ್ತದೆ, ಲೋಡ್ ಗಾಡಿ 1.4 ಸಲ. ನವಲಗುಂದ, ನರಗುಂದ ಕಡೆಯ ಎರಿ (ಕಪ್ಪು ಮಣ್ಣಿನ) ಭೂಮಿ ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವುದರಿಂದ ಮೇಲಿನ ಡಾಂಬರೂ ಅಲೆಅಲೆಯಾಗುತ್ತದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಹೊರಟ ಲೋಡ್ ಗಾಡಿಗೆ ಸುಮಾರು 12 ಮೀಟರಿಗೊಂದು ಬರುವ ಅಲೆ ಸರಿಯಾಗಿ ತಾಳ ಹಾಕಿದಂತಾಗುತ್ತದೆ. ಪ್ರತಿ ಅಲೆಗೂ ಕುಣಿತ ಹೆಚ್ಚುತ್ತ ಹೋಗುತ್ತದೆ. ಅದನ್ನು ತಿನ್ನುವುದು ಶಾಕ್‌ನ ಕೆಲಸ.

ಈಗ ಎತ್ತರಕ್ಕೆಂದು ಒಂದು ಪಾಟಾ ಹೆಚ್ಚಿಗೆ ಸೇರಿಸಿ ಬಿಗುವನ್ನು 80ಕ್ಕೆ ಏರಿಸಿದಿರಿ. ಒತ್ತಿದ ಪಾಟಾ ತಿರುಗಿ ಚಿಮ್ಮುವ ಬಲ ಹೆಚ್ಚಿತು, ತಡೆಯುವ ಎಣ್ಣೆ ಮಾತ್ರ ಹಳೆಯದೇ ಉಳಿಯಿತು. ಬೇಕಾಗುವ ತಡೆಬಲ ಬಿಗುವಿನ ವರ್ಗಮೂಲಕ್ಕೆ ತಕ್ಕಂತೆ ಏರುತ್ತದೆ. ಬಿಗುವು ಮೂರನೇ ಒಂದು ಪಾಲು ಹೆಚ್ಚಾದರೆ ಶಾಕ್ ಸುಮಾರು 15 ಪರ್ಸೆಂಟ್ ಗಟ್ಟಿಯಾದರೆ ಸಾಕು, ದುಪ್ಪಟ್ಟು ಬೇಡ. ಅದೂ ಮುಖ್ಯವಾಗಿ ಶಾಕ್ ಹಿಗ್ಗುವಾಗಿನ ತಡೆಯಲ್ಲಿ, ಏಕೆಂದರೆ ಪಾಟಾ ಕೂಡಿಟ್ಟ ಶಕ್ತಿ ಹೊರಬರುವುದು ಆಗಲೇ. ಅತಿಯಾಗಿ ಗಟ್ಟಿ ಶಾಕ್ ಹಾಕಿದರೆ ಒಂದು ತಗ್ಗಿನಿಂದ ಗಾಲಿ ಪೂರ್ತಿ ಕೆಳಗಿಳಿಯುವ ಮೊದಲೇ ಮುಂದಿನ ಏರು ಬರುತ್ತದೆ. ಹೀಗೇ ಸಾಲು ತಗ್ಗಿನಲ್ಲಿ ಗಾಡಿ ಕೂಡುತ್ತ ಕೂಡುತ್ತ, ಆಕ್ಸಲ್ (ಗಾಲಿಯ ಅಚ್ಚು) ಚಾಸಿಗೆ ಬಡಿಯದಂತೆ ತಡೆಯುವ ಬಂಪ್ ರಬ್ಬರಿಗೆ ಬಡಿಯುತ್ತದೆ. "ಗಟ್ಟಿ ಶಾಕ್ ಹಾಕಿದರೂ ತಳ ಬಡೀತದ" ಎಂಬ ದೂರಿಗೆ ಇದೂ ಒಂದು ಕಾರಣ.

ಪಾಟಾ ಸೇರಿಸುವಾಗ ದಪ್ಪದ ಕಡೆ ಕಣ್ಣಿರಲಿ. ಬಿಗುವು ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ, 8 ಮಿ.ಮೀ. ಪಾಟಾದ ಜಾಗಕ್ಕೆ 9 ಮಿ.ಮೀ. ಬಂದರೆ ಆ ಪಾಟಾ 42 ಪರ್ಸೆಂಟ್ ಬಿಗಿಯಾಯಿತು. ಬ್ಯಾಡಗಿಗೆ ಮೆಣಸಿನಕಾಯಿ ಚೀಲ ಒಯ್ಯುವ ಗಾಡಿ ನೋಡಲು ತುಂಬಿದಂತಿದ್ದರೂ ತೂಕ ಕಡಿಮೆ. ಗದಗ ಕಡೆಯಿಂದ ಉಳ್ಳಾಗಡ್ಡಿ ತರುವ ಗಾಡಿಯ ಮಾತು ಬೇರೆ. ವಾರದ ಹೆಚ್ಚಿನ ದಿನ ಎಷ್ಟು ತೂಕ ಇರುತ್ತದೋ ಅದಕ್ಕೆ ಪಾಟಾ, ಆ ಪಾಟಾಕ್ಕೆ ಶಾಕ್, ಕ್ರಮ ಇದೇ.

ಪಾಟಾಕ್ಕೂ ಆಕ್ಸಲ್‌ಗೂ ನಡುವೆ ಬ್ಲಾಕ್ ಇಟ್ಟು ಎತ್ತಿದರೆ ಬಿಗುವು ಬದಲಾಗುವುದಿಲ್ಲ, ಬೇಕಾಗುವ ಶಾಕ್‌ನ ಉದ್ದ ಮಾತ್ರ ಬದಲಾಗುತ್ತದೆ. ಪಾಟಾದ ತುದಿಯನ್ನು ಚಾಸಿಗೆ ಸೇರಿಸುವ ಕೊಂಡಿ, ಅಂದರೆ ಶಾಕಲ್, ಉದ್ದನೆಯದು ಹಾಕಿದರೆ ಅದು ಉದ್ದವಾದ ಅರ್ಧದಷ್ಟೇ ಎತ್ತರ ಸಿಗುತ್ತದೆ, ಜೊತೆಗೆ ಆಕ್ಸಲ್ ತಿರುಗಿ ಎಂಜಿನ್ ಬಲವನ್ನು ಹಿಂದಕ್ಕೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕೋನ ಕೆಡುತ್ತದೆ. ಬ್ಲಾಕ್ ಮೇಲೆ ಬ್ಲಾಕ್ ಪೇರಿಸುವುದು ಅಪಾಯ, ಮಾಡಲೇಬೇಡಿ.

ಶಾಕ್ ಉದ್ದದ ಲೆಕ್ಕದಲ್ಲಿ ಹೆಚ್ಚಿನವರು ಎಡವುವ ಜಾಗ ಒಂದಿದೆ. ಹಳೆಯ ಶಾಕ್ ಎಳೆದಾಗ 560 ಮಿ.ಮೀ., ಮುಚ್ಚಿದಾಗ 340 ಎನ್ನಿ. ರಾಡ್ ಓಡಾಡುವ ದೂರ, ಅಂದರೆ ಸ್ಟ್ರೋಕ್, 220. ಗಾಡಿ 50 ಮಿ.ಮೀ. ಎತ್ತರಿಸಿ 610 ಉದ್ದದ ಶಾಕ್ ತಂದರೆ, ರಾಡ್ 25 ಉದ್ದವಾದಾಗ ಅದನ್ನು ನುಂಗುವ ಕೊಳವೆಯೂ 25 ಉದ್ದವಾಗಲೇಬೇಕು. ಅಂದರೆ ಮುಚ್ಚಿದ ಉದ್ದ 365. ಬಂಪ್ ರಬ್ಬರ್ ಹಳೆಯ ಜಾಗದಲ್ಲೇ ಇದ್ದರೆ ಆಕ್ಸಲ್ ರಬ್ಬರಿಗೆ ಪೂರ್ತಿ ಒತ್ತುವ ಮೊದಲೇ ಶಾಕ್ ಒಳಗೇ ಲೋಹಕ್ಕೆ ಲೋಹ ಬಡಿಯುತ್ತದೆ. ಮೊದಲು ಶಾಕ್‌ನ ತುದಿಯ ರಬ್ಬರ್ ಬುಶ್ ಹೋಗುತ್ತದೆ, ಆಮೇಲೆ ಬ್ರಾಕೆಟ್ ಬಿರಿಯುತ್ತದೆ, ಬಯ್ಗುಳ ಮಾತ್ರ ಶಾಕ್ ಕಂಪನಿಗೆ. ರಬ್ಬರನ್ನು 25 ಮಿ.ಮೀ. ಕೆಳಗಿಳಿಸಿದರೆ ಮುಗಿಯಿತು.

ಅಳೆಯುವ ಬಗೆ ಹೀಗೆ. ಎತ್ತರಿಸುವ ಕೆಲಸ ಮುಗಿದ ಮೇಲೆ ಸಮನೆಲದಲ್ಲಿ, ಖಾಲಿ ಗಾಡಿಯಲ್ಲಿ, ಮೇಲಿನ ಬುಶ್‌ನ ನಡುವಿನಿಂದ ಕೆಳಗಿನ ಬುಶ್‌ನ ನಡುವಿಗೆ ಅಳತೆ ತಗೊಳ್ಳಿ, 500 ಬಂತೆನ್ನಿ. ಚಾಸಿಯನ್ನು ಸ್ಟ್ಯಾಂಡ್ ಮೇಲೆ ಕೂಡಿಸಿ, ಶಾಕ್ ಬಿಚ್ಚಿ, ಬ್ರೇಕ್ ಪೈಪ್ ಜಗ್ಗದಂತೆ ನೋಡಿಕೊಂಡು ಆಕ್ಸಲ್ ಇಳಿಬಿಟ್ಟರೆ 595. ರಬ್ಬರಿಗೂ ಆಕ್ಸಲ್‌ಗೂ ಇರುವ ಸಂದಿಗೆ ರಬ್ಬರಿನ ಅರ್ಧ ಎತ್ತರ ಸೇರಿಸಿ. 120 ಆದರೆ 500ರಲ್ಲಿ ಕಳೆದು 380. ಎಳೆದ ಉದ್ದ 595ಕ್ಕಿಂತ 15 ಹೆಚ್ಚು, ಮುಚ್ಚಿದ ಉದ್ದ 380ಕ್ಕಿಂತ 15 ಕಡಿಮೆ ಇರುವ ಶಾಕ್ ಬೇಕು. ನಮ್ಮ 610/365 ಸರಿಹೊಂದಿತು.

ಉದ್ದ ಹೊಂದದ ಶಾಕನ್ನು ಬ್ರಾಕೆಟ್ ಬದಲಿಸಿ ಓರೆಯಾಗಿ ಕೂಡಿಸುವವರಿದ್ದಾರೆ. ನೆಟ್ಟಗಿನಿಂದ 30 ಡಿಗ್ರಿ ವಾಲಿದ ಶಾಕ್ ಗಾಲಿಗೆ ಕೊಡುವುದು ತನ್ನ ತಡೆಬಲದ ಮುಕ್ಕಾಲು ಭಾಗ. 45 ಡಿಗ್ರಿ ವಾಲಿದರೆ ಅರ್ಧ. ವಾಲಿದ್ದರಿಂದ ವೇಗವೂ ಕಡಿಮೆ ಸಿಗುತ್ತದೆ, ಬಲದಲ್ಲೂ ಒಂದು ಪಾಲು ಅಡ್ಡಕ್ಕೆ ಹೋಗುತ್ತದೆ, ಹೀಗೆ ಎರಡು ಸಲ ಕಡಿತ. ಇಷ್ಟು ಕಳೆದುಕೊಂಡ ಮೇಲೆ ದುಬಾರಿ ಶಾಕ್ ತಂದು ಏನು ಪ್ರಯೋಜನ?

ಪಾಟಾಗಳ ನಡುವಿನ ತಿಕ್ಕಾಟವೂ ಲೆಕ್ಕದೊಳಗಿದೆ. 1804ರಲ್ಲಿ ಲಂಡನ್ನಿನ ಒಬಾಡಿಯಾ ಎಲಿಯಟ್ ಸಾರೋಟಿಗೆ ದೀರ್ಘವೃತ್ತದ ಪಾಟಾ ಜೋಡಣೆಯ ಪೇಟೆಂಟ್ ಪಡೆದಾಗ ಶಾಕ್ ಎಂಬುದೇ ಇರಲಿಲ್ಲ. ಕುದುರೆಯ ವೇಗಕ್ಕೆ ಪಾಟಾ ಪಾಟಾಕ್ಕೆ ಉಜ್ಜುವ ತಡೆಯೇ ಸಾಕಿತ್ತು. ಮೋಟಾರು ಬಂದ ಮೇಲೆ ಸಾಲದಾಯಿತು. ತುಕ್ಕು ಹಿಡಿದ ಹಳೆಯ ಕಟ್ಟಿನಲ್ಲಿ ಈ ತಿಕ್ಕಾಟ ಎಷ್ಟಿರುತ್ತದೆಂದರೆ ಸಣ್ಣ ಕುಲುಕಿಗೆ ಪಾಟಾ ಅಲುಗುವುದೇ ಇಲ್ಲ, ಟೈರೇ ಸ್ಪ್ರಿಂಗಿನ ಕೆಲಸ ಮಾಡುತ್ತದೆ. ಅದನ್ನು ತೆಗೆದು ತುದಿಗೆ ಪ್ಯಾಡ್ ಇರುವ ಹೊಸ ಕಟ್ಟು ಹಾಕಿದಾಗ ಗಾಡಿ ಮೊದಲಿಗಿಂತ ಹೆಚ್ಚು ಕುಣಿಯುತ್ತದೆ, ಮಾಲೀಕ ಹೊಸ ಪಾಟಾ ಸರಿಯಿಲ್ಲ ಎನ್ನುತ್ತಾನೆ. ಪಾಟಾ ಸರಿಯಿದೆ; ಇಷ್ಟು ದಿನ ಸತ್ತ ಶಾಕಿನ ಕೆಲಸವನ್ನು ತುಕ್ಕು ಮಾಡುತ್ತಿತ್ತು.

ಪಾಟಾವನ್ನು ಆಕ್ಸಲ್‌ಗೆ ಬಿಗಿಯುವ ಯು ಬೋಲ್ಟ್ ಹಳೆಯದು ಮತ್ತೆ ಹಾಕಬಾರದು, ಒಮ್ಮೆ ಬಿಗಿದಾಗಲೇ ಅದು ಎಳೆದುಕೊಂಡಿರುತ್ತದೆ. ನಾಲ್ಕೂ ನಟ್ಟನ್ನು ಅಡ್ಡಡ್ಡ ಕ್ರಮದಲ್ಲಿ, ಗಾಡಿಯ ಮ್ಯಾನುಯಲ್ ಹೇಳಿದ ಟಾರ್ಕಿಗೆ ಬಿಗಿದು, 100 ಕಿ.ಮೀ. ಮತ್ತು 500 ಕಿ.ಮೀ. ಆದ ಮೇಲೆ ಮತ್ತೆ ಬಿಗಿಯಿರಿ. ಪಾಟಾಗಳನ್ನು ನಡುವೆ ಪೋಣಿಸಿದ ಸೆಂಟರ್ ಬೋಲ್ಟ್ ಪದೇಪದೇ ಮುರಿದರೆ ಗಾಡಿಗೆ ದೃಷ್ಟಿಯಾಗಿದೆ ಎಂದು ಲಿಂಬೆಹಣ್ಣು ಕಟ್ಟಿ ಹೊರಡುವವರನ್ನು ಕಂಡರೆ ಆತಂಕವಾಗುತ್ತದೆ. ಯು ಬೋಲ್ಟ್ ಸಡಿಲವಾಗಿ ಆಕ್ಸಲ್ಲಿನ ತಳ್ಳಾಟವನ್ನೆಲ್ಲ ಆ ಒಂದು ಸಣ್ಣ ಬೋಲ್ಟ್ ತಿನ್ನುತ್ತಿರುತ್ತದೆ. ಮುಂದಿನ ಸಲ ಅದು ಮುರಿಯುವುದು ಬಂಕಾಪುರ ದಾಟಿದ ಹೆದ್ದಾರಿಯಲ್ಲಿ ಆದರೆ ಆಕ್ಸಲ್ ಓರೆಯಾಗಿ ಗಾಡಿ ಅಡ್ಡಕ್ಕೆ ಎಳೆಯುತ್ತದೆ. ಹಿಂದಿನ ಬ್ರೇಕಿಗೆ ಲೋಡ್ ಅರಿಯುವ ವಾಲ್ವ್ ಇದ್ದರೆ ಅದರ ಕೊಂಡಿಯನ್ನೂ ಹೊಂದಿಸಿ, ಇಲ್ಲವಾದರೆ ಎತ್ತರಿಸಿದ ಗಾಡಿಯನ್ನು ಅದು ಸದಾ ಖಾಲಿ ಎಂದೇ ತಿಳಿದು ಹಿಂದಿನ ಬ್ರೇಕ್ ಕಡಿಮೆ ಕೊಡುತ್ತದೆ. ಕಂಪನಿ ಕೊಟ್ಟ ರೂಪ ಬದಲಿಸುವುದಕ್ಕೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಕಟ್ಟುಪಾಡಿದೆ. ಆರ್‌ಟಿಒದಲ್ಲಿ ವಿಚಾರಿಸಿಯೇ ಕೆಲಸಕ್ಕೆ ಕೈ ಹಾಕಿ.

ಪಾಟಾ ಮತ್ತು ಶಾಕಲ್ ಬುಶ್‌ಗಳ ಬೋಲ್ಟನ್ನು ಗಾಡಿ ಗಾಲಿಯ ಮೇಲೆ ನಿಂತ ಮೇಲೆಯೇ ಪೂರ್ತಿ ಬಿಗಿಯಬೇಕು. ಜ್ಯಾಕ್ ಮೇಲಿದ್ದಾಗ ಬಿಗಿದರೆ ರಬ್ಬರ್ ತಿರುಚಿಕೊಂಡೇ ಉಳಿದು ಬೇಗ ಹರಿಯುತ್ತದೆ. ಕೊನೆಗೆ ಬಂಪ್ ರಬ್ಬರಿನ ತಳಕ್ಕೆ ಒಂದು ಹಸಿ ಎರಿ ಮಣ್ಣಿನ ಉಂಡೆ ಅಂಟಿಸಿ, ದಿನದ ಲೋಡ್ ಹಾಕಿಕೊಂಡು ಎರಡು-ಮೂರು ದೊಡ್ಡ ಹಂಪ್ ದಾಟಿ ಬನ್ನಿ. ಉಂಡೆ ಚಪ್ಪಟೆಯಾಗಿದ್ದು ಲೋಹದ ಸದ್ದು ಬಂದಿರದಿದ್ದರೆ ರಬ್ಬರ್ ಮುಟ್ಟಿದೆ, ಶಾಕ್ ತಳ ಬಡಿದಿಲ್ಲ. ಉಂಡೆ ಹಾಗೇ ಇದ್ದು ಲೋಹದ ಸದ್ದು ಬಂದಿದ್ದರೆ ಶಾಕ್ ಉದ್ದವಾಗಿದೆ. ಬಿಚ್ಚಿ ಮತ್ತೆ ಅಳೆಯಿರಿ.